ತುಕ್ಕಿನ ಮೇಲೆ ಬಳಿದದ್ದು

ಅವನಿಗೆ ಕುಲುಕಪ್ಪ ಎಂದು ಹೆಸರಿಟ್ಟವರು ನಾವೇ. ಮುಷ್ಕರ ಸೋತು ಕಾರ್ಖಾನೆಯಿಂದ ಹೊರಗೆ ಬಿದ್ದ ಮೇಲೆ, ವೆಲ್ಡಿಂಗ್ ಗೊತ್ತಿದ್ದ ಅವನು ಸೇತುವೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೆಯ ಮೋಟಾರ್‌ಸೈಕಲ್‌ಗಳ ಪೆಟ್ರೋಲ್ ಟ್ಯಾಂಕು ತೊಳೆಯಲು ಕುಳಿತ. ಒಳಗೆ ಸರಪಳಿ ತುಂಡು ಹಾಕಿ, ಟ್ಯಾಂಕನ್ನು ಎದೆಗವಚಿಕೊಂಡು ತುಕ್ಕು ಉದುರುವ ತನಕ ಕುಲುಕುವುದೇ ಕೆಲಸ. ಸಭೆಯಲ್ಲಿ ಬಾಯಿ ಬಿಡದ ಮನುಷ್ಯ. ಘೋಷಣೆ ಕೂಗಿದರೆ ಮಾತ್ರ ಕಾರ್ಖಾನೆಯ ಗೇಟು ನಡುಗುತ್ತಿತ್ತು.

ಒಂದು ಬೆಳಿಗ್ಗೆ ನಾನು ಅಲ್ಲೇ ಕುಳಿತಿದ್ದಾಗ, ಸತ್ತ ನಮ್ಮ ಗೆಳೆಯನ ಮಗಳು ಅಪ್ಪನ ಗಾಡಿಯನ್ನು ತಳ್ಳಿಕೊಂಡು ಬಂದಳು. ನರ್ಸ್ ಕೆಲಸದವಳು. ಬೆವರಿ ತೊಪ್ಪೆಯಾಗಿದ್ದಳು.

"ಏನವ್ವಾ, ಗಾಡಿ ನಿನ್ನ ಹೊರಬೇಕೋ, ನೀನು ಗಾಡಿನ ಹೊರಬೇಕೋ?" ಎಂದೆ.

"ನಗಬೇಡ ದೊಡ್ಡಪ್ಪ. ಸೇತುವೆ ಮಧ್ಯೆ ಗಕ್ಕಂತ ನಿಂತುಬಿಡ್ತು. ಹಿಂದಿನ ಲಾರಿಯವನು ಬ್ರೇಕ್ ಒತ್ತದೇ ಇದ್ದಿದ್ರೆ ನಾನು ಪೇಷೆಂಟಾಗೇ ಆಸ್ಪತ್ರೆ ಸೇರ್ತಿದ್ದೆ."

ಕುಲುಕಪ್ಪ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ. ಸೋರದಿರಲೆಂದು ಒಳಗೋಡೆಗೆ ಬಳಿದಿದ್ದ ಲೈನರ್ ಪದರ ಸುಟ್ಟ ಚರ್ಮದಂತೆ ಎದ್ದು ಜೋತಾಡುತ್ತಿತ್ತು. ಅದರ ಚೂರುಗಳೇ ಪೆಟ್ರೋಲ್ ಇಳಿಯುವ ಬಾಯಿಗೆ ಅಡ್ಡ ಕುಳಿತು ಎಂಜಿನ್ನಿನ ಕತ್ತು ಹಿಸುಕುತ್ತಿದ್ದವು.

ಆ ಲೈನರ್ ಬಳಿದವನು ಕುಲುಕಪ್ಪನೇ. ಮುಷ್ಕರದ ದಿನಗಳಲ್ಲಿ ಟ್ಯಾಂಕು ಸೋರುತ್ತಿತ್ತು. ಕರಪತ್ರ, ಅಂಟು ಹೊತ್ತು ಬೆಳಿಗ್ಗೆಯೇ ಹೊರಡಬೇಕಿತ್ತು. ತುಕ್ಕು ತೆಗೆಯಲು ಯಾರಿಗಿತ್ತು ಪುರುಸೊತ್ತು? ಅದರ ಮೇಲೇ ಬಳಿದ. ಆಗ ನಾವೆಲ್ಲ ಹಾಗೇ. ಬೆಳಗಾದರೆ ಗೆದ್ದುಬಿಡುತ್ತೇವೆ ಎಂದುಕೊಂಡಿದ್ದವರಿಗೆ ಯಾವುದೂ ನಾಳೆಯಾಚೆಗೆ ಬಾಳಬೇಕಿರಲಿಲ್ಲ.

ಗೆಳೆಯ ನಮ್ಮ ಗೋಡೆಬರಹದವನು. ಊರಿನ ಗೋಡೆಗಳಿಗೆಲ್ಲ ಸುಣ್ಣ ಬಿತ್ತು. ಅವನ ಕೈಬರಹದಲ್ಲಿ ಉಳಿದದ್ದು ಟ್ಯಾಂಕಿನ ಎಡಮಗ್ಗುಲಿಗೆ ಕೆಂಪು ಬಣ್ಣದಲ್ಲಿ ಬರೆದ ಎರಡು ಪದ: 'ನಾವೂ ಇದ್ದೇವೆ'.

"ಅಕ್ಷರಕ್ಕೆ ಏನೂ ಆಗದ ಹಾಗೆ ನೋಡ್ತೀನಿ," ಎಂದ ಕುಲುಕಪ್ಪ. ಅವಳು ತಲೆಯಾಡಿಸಿ ಬಸ್ಸಿಗೆ ಓಡಿದಳು.

ಒಳಗಿನ ಲೈನರ್ ಕರಗಿಸುವ ಥಿನ್ನರ್ ಹೊರಗೆ ಒಂದು ತೊಟ್ಟು ಬಿದ್ದರೂ ಅಕ್ಷರ ತೊಳೆದುಹೋಗುತ್ತದೆ. ಅದಕ್ಕೇ ಹೊರಮೈಗೆಲ್ಲ ಗ್ರೀಸ್ ಮೆತ್ತಿ, ಪ್ಲಾಸ್ಟಿಕ್ ಸುತ್ತಿ, ಕೆಳಬಾಯಿಗೆ ಬೋಲ್ಟು ಬಿಗಿದು ಥಿನ್ನರ್ ಸುರಿದ. ಮಾರನೆಯ ದಿನ ಕೊಕ್ಕೆ ತಂತಿ ಹಾಕಿ ಎಳೆದರೆ ಹಾವಿನ ಪೊರೆಯಂತೆ ಬಂತು. ಆಮೇಲೆ ಆಸಿಡ್, ಸರಪಳಿ, ಕುಲುಕು. ಕಂದು ನೀರು ತಿಳಿಯಾಗುವ ತನಕ ನಾವಿಬ್ಬರೂ ಸರದಿಯಲ್ಲಿ ಕುಲುಕಿದೆವು. ಸೋಡಾಪುಡಿ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಪೆಟ್ರೋಲಿನ ವಾಸನೆ ಪೂರಾ ಹೋದ ಮೇಲೆ ಒಳಗೊಂದು ಪುಟ್ಟ ಬಲ್ಬು ಇಳಿಬಿಟ್ಟು, ಪ್ಲಾಸ್ಟಿಕ್ ಬಿಚ್ಚಿ ಗ್ರೀಸ್ ಒರೆಸಿ, ಶೆಡ್ಡಿನ ಬಾಗಿಲು ಎಳೆದ.

ಕತ್ತಲಲ್ಲಿ 'ಇದ್ದೇವೆ'ಯ ಉದ್ದಕ್ಕೂ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು.

"ಸೈಡ್ ಸ್ಟ್ಯಾಂಡ್ ಹಾಕಿದ್ರೆ ಗಾಡಿ ಎಡಕ್ಕೆ ವಾಲತ್ತೆ. ಪೆಟ್ರೋಲಲ್ಲಿ ಸೇರಿದ್ದ ನೀರೆಲ್ಲ ಆ ಮೂಲೇಲಿ ನಿಂತು ತಿಂದುಹಾಕಿದೆ," ಎಂದ.

"ಎಡಕ್ಕೆ ವಾಲಿದ್ದಕ್ಕೆ ನಮಗೂ ಇದೇ ಗತಿ ಆಯ್ತಲ್ಲೋ," ಎಂದೆ. ಅವನು ಬಲ್ಬು ಹೊರಗೆಳೆದ.

ತೂತಿನ ಜಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಬೆಂಕಿ ತಾಗಿದರೆ ಅಕ್ಷರ ಸುಡುತ್ತದೆ. ಇಲ್ಲವೇ ಒಳಗಿಂದ ಮತ್ತೆ ದಪ್ಪಗೆ ಲೈನರ್ ಬಳಿದು ತೂತು ಮುಚ್ಚಬೇಕು. ಕುಲುಕಪ್ಪ ಲೈನರ್ ಡಬ್ಬಿ ಇಳಿಸಿ, ಮುಚ್ಚಳ ಕಿತ್ತು, ಕಡ್ಡಿಯಿಂದ ಕಲಕುತ್ತ ಬಹಳ ಹೊತ್ತು ಕುಳಿತ.

"ಬಳಿದುಬಿಡೋ," ಎಂದೆ. "ಈಗ ತುಕ್ಕು ಹೋಗಿದೆಯಲ್ಲ."

"ತಗಡು ಕಾಗದದಷ್ಟು ತೆಳ್ಳಗಾಗಿದೆ. ಒಂದಿನ ಬಿರಿಯತ್ತೆ. ಕೆಳಗೆ ಕಾದ ಎಂಜಿನ್, ಮೇಲೆ ಆ ಹುಡುಗಿ."

ಡಬ್ಬಿ ಮುಚ್ಚಿದ.

ಸಂಜೆ ಡ್ಯೂಟಿ ಮುಗಿಸಿ ಅವಳು ಬಂದಳು. ಮತ್ತೆ ಬಲ್ಬು ಇಳಿಬಿಟ್ಟು ತೋರಿಸಿದ. ಅವಳು ಆ ಚುಕ್ಕಿಗಳ ಮೇಲೆ ಬೆರಳಾಡಿಸಿದಳು.

"ಅಪ್ಪ ಇದ್ದಿದ್ರೆ ಏನಂತಿದ್ದ?"

"'ಬಳಿಯೋ, ಬೆಳಗ್ಗೆ ಹೊರಡಬೇಕು' ಅಂತಿದ್ದ. ನಿಮ್ಮಪ್ಪನ ಮಾತು ಕೇಳೇ ಇಷ್ಟೆಲ್ಲ ಆಗಿದ್ದು," ಎಂದ ಕುಲುಕಪ್ಪ.

ಅವಳಿಗೆ ನಗು ಬಂತು. ಪೂರಾ ಬರಲಿಲ್ಲ.

"ಸುಡು ದೊಡ್ಡಪ್ಪ. ನಾನು ದಿನಾ ಓಡಾಡಬೇಕು."

ತೆಳ್ಳಗಾದ ತಗಡನ್ನು ಕತ್ತರಿಸಿ ತೆಗೆದ. ಒಳಗೆ ಆವಿ ಉಳಿದರೆ ಟ್ಯಾಂಕು ಬಾಂಬು. ಅದಕ್ಕೆ ಅದನ್ನು ಮಗ್ಗುಲಾಗಿಸಿ, ತೂತಿನ ಅಂಚಿನ ತನಕ ನೀರು ತುಂಬಿಸಿ ಗ್ಯಾಸ್ ಹಚ್ಚಿ ಹೊಸ ತಗಡು ಬೆಸೆಯತೊಡಗಿದ. ತೂತಿನ ಸುತ್ತ ಉಳಿದಿದ್ದ ಕೆಂಪು ಬಣ್ಣ ಮೊದಲು ಬೊಬ್ಬೆಯೆದ್ದಿತು, ಆಮೇಲೆ ಕಪ್ಪಾಗಿ ಸುರುಳಿ ಸುತ್ತಿತು. ಕುಲುಕಪ್ಪನ ದವಡೆ, ಏನೋ ಕೂಗಲು ಹೊರಟವನ ಹಾಗೆ, ಬಿಗಿದುಕೊಂಡಿತ್ತು.

'ನಾವೂ' ಎಂಬುದಷ್ಟೇ ಉಳಿಯಿತು.

"ಅರ್ಧ ಮಾತು. ಇದನ್ನೂ ಉಜ್ಜಿ ತೆಗೀಲಾ?"

"ಬೇಡ. ಅಮ್ಮ ದಿನಾ ಒರೆಸ್ತಾಳೆ. ಅವಳಿಗೂ ಏನಾದ್ರೂ ಇರ್ಲಿ."

ಹೊಸ ಲೈನರ್ ಒಣಗುವ ತನಕ ಅವಳು ಬಸ್ಸಿನಲ್ಲೇ ಓಡಾಡಿದಳು. ಬೇಗ ಕೊಡು ಎಂದು ಅವಳು ಕೇಳಲಿಲ್ಲ, ಕೊಡುತ್ತೇನೆಂದು ಅವನೂ ಹೇಳಲಿಲ್ಲ. ಕೊನೆಗೆ ಗಾಡಿ ಹೊರಟ ದಿನ ಕುಲುಕಪ್ಪ ರಸ್ತೆಗೆ ಬಂದು ಕಿವಿಗೊಟ್ಟು ನಿಂತ. ಸೇತುವೆ ದಾಟಿ, ತಿರುವಿನಲ್ಲಿ ಅವಳು ಗೇರು ಬದಲಿಸಿದ ಸದ್ದು ಕೇಳಿದ ಮೇಲೆಯೇ ಒಳಗೆ ಹೋಗಿ ಕೈ ತೊಳೆದುಕೊಂಡ.