ಲ್ಯಾಟಿನ್ನಿನಲ್ಲಿ ಬೆಲ್ಲ ಸಿಗಲಿಲ್ಲ

ಗಿಡಗಳನ್ನು ಗುರುತಿಸಿ ಅವುಗಳ ವೈಜ್ಞಾನಿಕ ಹೆಸರು ಬರೆಯುವುದು ನನ್ನ ಕೆಲಸವಾದ್ದರಿಂದ ಮೊಬೈಲಿನಲ್ಲಿ ಲ್ಯಾಟಿನ್ ಕಲಿಯತೊಡಗಿದ್ದೆ. ಮತ್ತಿಘಟ್ಟದ ಬಸ್ಸಿನಲ್ಲಿ, "ಸೀ ವೆನಿಯೇಸ್, ಆಕ್ವಮ್ ದಾಬೋ" ಎಂದು ಗುನುಗುತ್ತಿದ್ದಾಗ ಪಕ್ಕದ ಸೀಟಿನ ಅಜ್ಜಿ ಕೇಳಿದರು, "ಎಂತ ಮಂತ್ರ ಅದು ತಂಗಿ?"

"ನೀನು ಬಂದರೆ ನೀರು ಕೊಡುತ್ತೇನೆ ಅಂತ ಅರ್ಥ."

"ನೀರೊಂದೇಯ? ಬೆಲ್ಲ ಇಲ್ಯ?" ಅಜ್ಜಿಯ ಮುಖ ಸಪ್ಪಗಾಯಿತು. ಬಂದವರಿಗೆ ಬರೀ ನೀರು ಕೊಡುವುದು ಇಲ್ಲಿ ಮನೆತನಕ್ಕೇ ಕುಂದು.

ಬೆಲ್ಲಕ್ಕೆ ಲ್ಯಾಟಿನ್ ಪದ ನನಗೆ ಬಾರದು. ಜೇನುತುಪ್ಪಕ್ಕೆ ಮಾತ್ರ ಗೊತ್ತಿತ್ತು, "ಮೆಲ್".

"ಅಡ್ಡಿಲ್ಲೆ, ಅದನ್ನೇ ಹಾಕು."

ಪಾಠದ ಕೊನೆಯ ಪ್ರಶ್ನೆಗೆ ನೀರಿನ ಜೊತೆ ಜೇನನ್ನೂ ಸೇರಿಸಿ ಉತ್ತರಿಸಿದೆ. ಮೊಬೈಲು ತಪ್ಪೆಂದು ಕೆಂಪು ಗೆರೆ ಎಳೆದು, ಇಡೀ ಪಾಠವನ್ನು ಮೊದಲಿನಿಂದ ಶುರುಮಾಡಿಸಿತು. ಅಜ್ಜಿ ಇಣುಕಿ ನೋಡಿ ನಿಟ್ಟುಸಿರಿಟ್ಟರು.

"ಪಾಪ, ಅದರ ಮನೆಗೆ ಯಾರೂ ಬತ್ವಿಲ್ಲೆ ಕಾಣ್ತು."