ಒಂದೇ ಕಾರು, ಎರಡು ರಸ್ತೆಗಳ ಟೈರು

ಕಾರಿನ ಟೈರು ಸವೆದದ್ದನ್ನು ಮೊದಲು ನೋಡಿದವರು ನನ್ನ ಮಾವ. ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅಂಗಳಕ್ಕೆ ಬಂದವರು ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು.

"ಇಲ್ಲಿ ಬಾ, ನೋಡವ್ವಾ. ನಡುವ ಹೊಸಾದು ಇದ್ದಂಗ ಅದ, ಅಂಚು ಪೂರಾ ಹಾರಿ ಹೋಗ್ಯಾದ. ಗಾಡಿ ನಡಸಿದ್ದೋ, ಮಗ್ಗಲಾಗಿ ಮಲಗಿಸಿ ಎಳದಿದ್ದೋ?"

ನಾವು ಇರುವುದು ವಾಡಿಯಲ್ಲಿ. ನಾನು ಸೇಡಂನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಗಂಡನದು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಾವ ಜೀವನವಿಡೀ ರೈಲು ಓಡಿಸಿದವರು. ಗೂಡ್ಸ್ ಗಾಡಿಯಿಂದ ಶುರುಮಾಡಿ ಎಕ್ಸ್‌ಪ್ರೆಸ್‌ವರೆಗೆ ಬಂದು ನಿವೃತ್ತರಾದರು. ಕಾಲೇಜಿನ ಹೊತ್ತು ರೈಲಿನ ಹೊತ್ತಿಗೆ ಹೊಂದುವುದಿಲ್ಲವಾದ್ದರಿಂದ ನಾನು ದಿನಾಲೂ ಚಿತ್ತಾಪುರದ ಮೇಲೆ ಹಾಯ್ದು ಕಾರಿನಲ್ಲೇ ಹೋಗಿ ಬರುತ್ತೇನೆ. ಲಾರಿಗಳ ಹಿಂದೆ ತೆವಳುವ ಆ ದಾರಿಯಲ್ಲಿ ಟೈರಿನ ಅಂಚು ಹಾಗೆ ಸವೆದುಹೋಗುವುದಿಲ್ಲ.

ಅದು ಸವೆದದ್ದು ಹೈದರಾಬಾದಿನ ಆಚೆ. ಅಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ಕೆಲವು ಭಾನುವಾರ ನಮ್ಮಂಥ ಸಾಮಾನ್ಯ ಜನ ತಮ್ಮದೇ ಕಾರು ತಂದು, ಹೆಲ್ಮೆಟ್ ಹಾಕಿಕೊಂಡು, ಎದುರಿಗೆ ಯಾರೂ ಬರಲಾರದ ಆ ರಸ್ತೆಯಲ್ಲಿ ಓಡಿಸಿ ನೋಡಬಹುದು. ಅದಕ್ಕೆ ಟ್ರ್ಯಾಕ್ ಡೇ ಅನ್ನುತ್ತಾರೆ. ಹೈದರಾಬಾದಿನಲ್ಲಿರುವ ನನ್ನ ತಮ್ಮ ಹೆಸರು ಕೊಟ್ಟಿದ್ದ. ಅಷ್ಟರಲ್ಲಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ. "ಅಕ್ಕಾ, ಕಟ್ಟಿದ ರೊಕ್ಕ ಸುಮ್ನ ಹಾಳಾಗ್ತದ, ನೀ ಬಾ" ಎಂದ. ನೋಡಿಕೊಂಡು ಬರೋಣವೆಂದು ಹೋದೆ. ಮೊದಲ ಸುತ್ತಿನಲ್ಲಿ ಹೆದರಿ ಸತ್ತೆ. ಸಂಜೆ ಇಳಿಯುವಾಗ, ಇನ್ನೊಂದು ಸುತ್ತು ಕೊಡುತ್ತಾರೇನೋ ಎಂದು ಕೇಳುತ್ತಿದ್ದೆ. ಆಮೇಲೆ ಮತ್ತೆ ಮತ್ತೆ ಹೋದೆ. ನಲವತ್ತು ದಾಟಿದ ಇತಿಹಾಸದ ಮೇಡಂ ಇದನ್ನು ಮಾಡುತ್ತಾಳೆಂದು ಸೇಡಂನಲ್ಲಿ ಯಾರಿಗೂ ಹೇಳಿರಲಿಲ್ಲ.

ಈಗ ಹೊಸ ಟೈರು ಬೇಕಿತ್ತು. ನಾಲ್ಕು ಟೈರು ಕೊಳ್ಳುವುದರಲ್ಲಿ ಏನಿದೆ ಎಂದುಕೊಂಡಿದ್ದೆ.

ತಮ್ಮ ಫೋನಿನಲ್ಲಿ ಹೇಳಿದ: ಮೆತ್ತನೆಯ ರಬ್ಬರಿನದು ತಗೋ, ತಿರುವಿನಲ್ಲಿ ಕಚ್ಚಿ ಹಿಡಿಯುತ್ತದೆ. ಗಂಡ ಹೇಳಿದ: ಗಟ್ಟಿ ರಬ್ಬರಿನದು ತಗೋ, ವರ್ಷಗಟ್ಟಲೆ ಬಾಳುತ್ತದೆ. ತಮ್ಮನ ಪ್ರಕಾರ ಟೈರಿನ ಗೋಡೆ, ಅಂದರೆ ರಿಮ್ಮಿಗೂ ನೆಲಕ್ಕೂ ನಡುವಿನ ಭಾಗ, ಗಿಡ್ಡ ಇರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಕಾರು ತೂಗಾಡುತ್ತದೆ. ಗಂಡನ ಪ್ರಕಾರ ಅದು ಎತ್ತರವೇ ಇರಬೇಕು. ಇಲ್ಲದಿದ್ದರೆ ಚಿತ್ತಾಪುರದ ತಗ್ಗಿನಲ್ಲಿ ರಿಮ್ ಬಾಗುತ್ತದೆ. ಒಬ್ಬರು ಮಾತಾಡುವಾಗ ಅವರದೇ ಸರಿ ಅನಿಸುತ್ತಿತ್ತು. ಇನ್ನೊಬ್ಬರು ಬಾಯಿ ತೆರೆದರೆ ಅವರದು.

ಕಾಲೇಜಿನ ಭೌತಶಾಸ್ತ್ರದ ಸರ್ ಹತ್ತಿರ ಮೆಲ್ಲಗೆ ವಿಷಯ ತೆಗೆದೆ. ಟ್ರ್ಯಾಕಿನ ಸುದ್ದಿ ಎತ್ತದೆ, ಅಗಲ ಟೈರು ಹಾಕಿದರೆ ಹಿಡಿತ ಹೆಚ್ಚೇ ಎಂದಷ್ಟೇ ಕೇಳಿದೆ.

"ಇಲ್ರಿ ಮೇಡಂ, ಘರ್ಷಣೆ ಅನ್ನೋದು ಕ್ಷೇತ್ರಫಲದ ಮ್ಯಾಲ ನಿಂತಿಲ್ಲ. ನಾನ ಹುಡುಗ್ರಿಗಿ ಪ್ರತಿ ವರ್ಷಾ ಹೇಳ್ತೀನಿ."

"ಹಂಗಿದ್ರ ರೇಸ್ ಗಾಡಿಗಿ ಅಷ್ಟು ಅಗಲ ಟೈರ್ ಯಾಕ ಹಾಕ್ತಾರ್ರೀ ಸರ್?"

ಅವರು ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ರಬ್ಬರಿಗಿ ಆ ನಿಯಮ ಬರಾಬರಿ ಹೊಂದಂಗಿಲ್ಲ ಅಂತಾರ. ನೋಡಿ ಹೇಳ್ತೀನಿ ತಡೀರಿ." ಮರುದಿನ ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡವರೇ, "ಮೇಡಂ, ರಾತ್ರಿ ಓದಿದೆ, ನನಗ ಇನ್ನಾ ಜಾಸ್ತಿ ಗೊಂದಲ ಆಗ್ಯಾದ" ಎಂದರು. ಜೊತೆಗೊಬ್ಬರು ಸಿಕ್ಕರೆಂದು ನನಗೆ ಒಂದು ಥರ ಸಮಾಧಾನವಾಯಿತು.

ಮನೆಯಲ್ಲಿ ಮಾವನದು ಬೇರೆಯೇ ಲೆಕ್ಕ. "ನಮ್ಮದು ಕಬ್ಬಿಣದ ಗಾಲಿ, ಕಬ್ಬಿಣದ ಹಳಿ. ಮಳ್ಯಾಗ ಗಾಲಿ ಜಾರಿದ್ರ ಹಳಿ ಮ್ಯಾಲ ಉಸುಕು ಬಿಡ್ತಿದ್ವಿ. ಆಗ ಗಾಡಿ ಹಿಡೀತಿತ್ತು."

"ಮಾವಾರ, ರೋಡಿನ ಮ್ಯಾಲ ಉಸುಕಿದ್ರ ಕಾರು ಜಾರ್ತದರೀ."

"ಹೌದಲಾ?" ಎಂದು ಅವರು, ಹಳಿಯ ಮೇಲೆ ಹಿಡಿಸುವ ಮರಳು ರಸ್ತೆಯಲ್ಲಿ ಜಾರಿಸುವುದೆಂದರೇನೆಂಬಂತೆ ಅಂಗಳದ ಕಾರಿನ ಕಡೆ ನೋಡಿದರು. "ಅದ್ಹೆಂಗ ಅಂತೀನಿ?"

ಒಂದು ರಜೆಯ ದಿನ ನಾನು, ಮಾವ ಇಬ್ಬರೂ ಶಹಾಬಾದಿಗೆ ಹೋದೆವು. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿಗಳಿಗೆ ಟೈರು ಹಾಕುವ ಹಳೆಯ ಅಂಗಡಿ ಇದೆ. ಮಾಲೀಕ ಮಾವನ ಪರಿಚಯದವರು, ಬಿಳಿ ಗಡ್ಡದ ಚಾಚಾ. ಸ್ಟೂಲು ಕೊಟ್ಟು ಕೂಡಿಸಿ, ಚಹಾ ಹೇಳಿ, "ಯಾವ ರೋಡಿಗಿ ಬೇಕ್ರೀ ಮೇಡಂ?" ಎಂದರು.

"ಸೇಡಂ ರೋಡಿಗೂ ಬೇಕ್ರೀ, ರೇಸ್ ಟ್ರ್ಯಾಕಿಗೂ ಬೇಕ್ರೀ."

ಚಾಚಾ ಮಾವನ ಮುಖ ನೋಡಿದರು. ಮಾವ, ಸೊಸೆ ಹೇಳುವುದು ಖರೇ ಎನ್ನುವಂತೆ ತಲೆಯಾಡಿಸಿದರು. ಚಾಚಾ ಎರಡು ಟೈರು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. ಒಂದರ ಮೈಮೇಲೆ ತುಂಬಾ ಗೆರೆಗಳು, ಉಗುರು ಒತ್ತಿದರೆ ಗುರುತು ಬೀಳಲಿಲ್ಲ. ಇನ್ನೊಂದರ ಗೆರೆ ಕಡಿಮೆ, ಗೋಡೆ ಗಿಡ್ಡ, ಉಗುರು ಒತ್ತಿದರೆ ಸಣ್ಣಗೆ ಕುಳಿ ಬಿದ್ದು ಮೆಲ್ಲಗೆ ಮೇಲೆದ್ದಿತು.

"ಈ ಗಟ್ಟೀದು ನಮ್ಮ ಕಡಿ ರೋಡಿನ ಕಲ್ಲು, ತಗ್ಗು, ಬಿಸಿಲು, ಎಲ್ಲಾ ತಡೀತದ. ಆದ್ರ ಜೋರ್ ಹೊಡದು ತಿರಗಸಿದ್ರ ಚೀರ್ತದ. ಈ ಮೆತ್ತಂದು ತಿರುವಿನ್ಯಾಗ ಬಿಡಂಗಿಲ್ಲ, ಆದ್ರ ಕಲ್ಲಿಗಿ ಭಾಳ ನಾಜೂಕು. ಎರಡೂ ಮಾಡೋ ಟೈರ್ ಬೇಕಂದ್ರ ಅದೂ ತರಸ್ತೀನಿ. ಅದು ಎರಡೂ ಅರ್ಧರ್ಧ ಮಾಡ್ತದ."

"ನೀವಾಗಿದ್ರ ಯಾವ್ದು ತಗೋತಿದ್ರಿ?"

"ನಾ ಲಾರಿಗಿ ಹಾಕವ್ರೀ, ನನಗೇನ್ ಕೇಳ್ತೀರಿ" ಎಂದು ನಕ್ಕರು.

ಚಹಾ ಆರುವವರೆಗೂ ನಾನು ಎರಡನ್ನೂ ಮುಟ್ಟಿ ಮುಟ್ಟಿ ನೋಡಿದೆ. ವರ್ಷದಲ್ಲಿ ಟ್ರ್ಯಾಕಿಗೆ ಹೋಗುವುದು ಕೆಲವೇ ಸಲ, ಸೇಡಂಗೆ ದಿನಾಲೂ. ಹಾಗಾಗಿ ಗಟ್ಟಿಯದನ್ನೇ ಕೊಳ್ಳಬೇಕು. ಇಷ್ಟು ಸ್ಪಷ್ಟವಾಗಿ ಯೋಚಿಸಿ ಮುಗಿಸಿದವಳು ಬಾಯಿ ತೆರೆದಾಗ ಮೆತ್ತನೆಯದನ್ನು ಕೇಳಿದೆ. ಯಾಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಟ್ರ್ಯಾಕಿನ ಒಂದು ಉದ್ದನೆಯ ತಿರುವಿನಲ್ಲಿ ಕಾರು ಹೊರಗೆ ಜಾರುತ್ತ ಹೋಗಿ, ಸ್ಟೇರಿಂಗು ಕೈಯಲ್ಲಿದ್ದೂ ಇಲ್ಲದಂತಾಗಿದ್ದು ನೆನಪಿಗೆ ಬಂದಿರಬೇಕು. ದಾರಿಯಲ್ಲಿ ಮಾವ, "ಚಲೋ ಆಯ್ತು ಬಿಡು" ಎಂದರು. ಗಂಡ ಪಾಳಿ ಮುಗಿಸಿ ಬಂದವನು ಕಾರಿನ ಸುತ್ತ ಒಂದು ಸುತ್ತು ಬಂದು ಊಟಕ್ಕೆ ಕೂತ.

ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ತಗ್ಗುಗಳು ಸೊಂಟಕ್ಕೆ ತಾಕುತ್ತಿದ್ದವು ಅಷ್ಟೇ.

ಮಳೆಗಾಲದಲ್ಲಿ ಚಿಂಚೋಳಿಯ ನಾದಿನಿಯ ಮನೆಗೆ ಹೋಗಿದ್ದೆವು, ನಾನು ಮತ್ತು ಮಾವ. ಊಟವಾದ ಮೇಲೆ ಮಾವನಿಗೆ ಚಂದ್ರಂಪಳ್ಳಿಯ ಕೆರೆ ತುಂಬಿದ್ದು ನೋಡಬೇಕೆನಿಸಿತು. ನೋಡಿ, ಮರಳುವಾಗ ಜಿಟಿಜಿಟಿ ಮಳೆ. ಎರಡೂ ಕಡೆ ಕಾಡು, ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಒಂದು ತಿರುವು ಹೊರಳಿದ ಕೂಡಲೆ ಮುಂದೆ ಎಮ್ಮೆಗಳ ಹಿಂಡು. ದೊಡ್ಡವು ದಾಟಿದ್ದವು, ಒಂದು ಕರು ನಡುರಸ್ತೆಯಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು.

ಬ್ರೇಕ್ ಒತ್ತಿ ಸ್ಟೇರಿಂಗ್ ಎಡಕ್ಕೆ ಎಳೆದೆ. ಕಾರು ಜಾರಲಿಲ್ಲ. ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದಂತೆ ನಿಂತುಬಿಟ್ಟಿತು. ನಿಲ್ಲುವ ಮುಂಚೆ ಎಡಗಡೆ ಗಾಲಿ ರಸ್ತೆಯಂಚಿನ ಚೂಪು ಕಲ್ಲಿಗೆ ಹೊಡೆದು ಢಪ್ ಎಂದು ಸದ್ದಾಯಿತು. ಕರು ಕಾರಿನ ಮೂತಿಯನ್ನು ಮೂಸಿ ಆಚೆ ಹೋಯಿತು.

ಮಾವ ಮುಂದಿನ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಒತ್ತಿ ಹಿಡಿದು ಕೂತಿದ್ದರು. ಕೈ ಸಡಿಲಿಸುತ್ತ ಹೇಳಿದರು: "ಗಾಡಿ ಹಿಡಿಯೋದಂದ್ರ ಹಿಂಗ. ನನ್ನ ರೈಲಾಗಿದ್ರ ನಿಲ್ಲಸ್ಲಿಕ್ಕಿ ಮುಂದಿನ ಸ್ಟೇಷನ್ ಬರ್ತಿತ್ತು."

ಹಿಂಡು ಕಾಯುತ್ತಿದ್ದ ಹೆಂಗಸು ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡು ಓಡಿಬಂದಳು. ಕರುವಿನ ಮೈ ತಡವಿ ನೋಡಿ, "ಛಲೋ ನಿಂತದ ನೋಡ್ರಿ ನಿಮ್ಮ ಗಾಡಿ" ಎಂದಳು. ಆಮೇಲೆ ಎಡಗಡೆ ಬಗ್ಗಿ ನೋಡಿ, "ಅಯ್ಯ, ಟೈರ್ ಹೋಯ್ತಲ್ರೀ ಅಕ್ಕೋರ" ಎಂದಳು. ಟೈರಿನ ಗೋಡೆ ಬಾಯಿ ಬಿಟ್ಟಂತೆ ಸೀಳಿತ್ತು.

ಮಳೆಯಲ್ಲಿ ನೆನೆಯುತ್ತ ಸ್ಟೆಪ್ನಿ ಹಾಕಿದೆವು. ಜಾಕ್ ತಿರುವುತ್ತ ನನಗೆ ತಲೆ ಕೆಟ್ಟುಹೋಗಿತ್ತು. ಈ ಟೈರು ಇದ್ದುದರಿಂದ ಕರು ಉಳಿಯಿತು. ಗಟ್ಟಿ ಟೈರು ಇದ್ದಿದ್ದರೆ ಆ ಕಲ್ಲಿನ ಪೆಟ್ಟಿಗೆ ಅದಕ್ಕೇನೂ ಆಗುತ್ತಿರಲಿಲ್ಲವೇನೋ. ಆದರೆ ಕಾರು ಕರುವಿಗೆ ತಾಗದೆ ನಿಲ್ಲುತ್ತಿತ್ತೇ? ಇನ್ನೊಂದು ಪ್ರಶ್ನೆ ಅದಕ್ಕಿಂತ ಕೆಟ್ಟದ್ದು. ಈ ಟೈರಿನ ಮೇಲೆ ಭರವಸೆ ಇಲ್ಲದಿದ್ದರೆ ಆ ತಿರುವಿಗೆ ನಾನು ಅಷ್ಟು ಜೋರಾಗಿ ಬರುತ್ತಿದ್ದೆನೇ? ಹಳೆಯ ಟೈರಿನಲ್ಲಿ ನಿಧಾನ ಬಂದು ಆರಾಮಾಗಿ ನಿಲ್ಲುತ್ತಿದ್ದೆನಲ್ಲ? ಮಾವನಿಗೆ ಇದನ್ನೆಲ್ಲ ಹೇಳಿದೆ. ಅವರು ನಟ್ಟು ಬಿಗಿಯುತ್ತ, "ನನಗ ಒಂದೂ ತಿಳೀಲಿಲ್ಲ, ಮದಲು ಸ್ಪ್ಯಾನರ್ ಹಿಡಿ" ಎಂದರು.

ಮತ್ತೆ ಶಹಾಬಾದ್. ಚಾಚಾ ಸೀಳಿದ ಟೈರಿನೊಳಗೆ ಕೈ ಹಾಕಿ ನೋಡಿ, ಇದು ಪ್ಯಾಚ್ ಹಾಕುವಂಥದ್ದಲ್ಲ ಎಂದರು. ಈ ಸಲ ಅವರು ಒಂದು ದಾರಿ ಹೇಳಿದರು. ಸೀಳಿದ್ದರ ಬದಲು ಒಂದನ್ನು ತರಿಸಿ, ಮೆತ್ತನೆಯ ನಾಲ್ಕನ್ನೂ ಬೇರೆ ರಿಮ್ಮುಗಳಿಗೆ ಹಾಕಿ ಮನೆಯಲ್ಲಿಡಿ. ಗಟ್ಟಿಯ ನಾಲ್ಕು ಕಾರಿಗಿರಲಿ. ಟ್ರ್ಯಾಕಿಗೆ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಿ. ಕೇಳಲು ಸುಲಭವಾಗಿತ್ತು. ಮುಂದಿನ ಟ್ರ್ಯಾಕ್ ಡೇ ಬಂದಾಗ ನಮ್ಮ ಸಣ್ಣ ಕಾರಿನ ಹಿಂದಿನ ಸೀಟು ಮಡಚಿ ಮೂರು ಗಾಲಿ ತುಂಬಿದೆವು. ನಾಲ್ಕನೆಯದು ಎಲ್ಲಿಯೂ ಹಿಡಿಯಲಿಲ್ಲ. ಕೊನೆಗೆ ಅದು ನನ್ನ ಪಕ್ಕದ ಸೀಟಿನಲ್ಲಿ ಕೂತಿತು. ಮಾವನೂ ಈ ಸಲ ನೋಡಲು ಬರುತ್ತೇನೆಂದು ಹೊಸ ಅಂಗಿ ಇಸ್ತ್ರಿ ಮಾಡಿಸಿದ್ದರು. ಅಂಗಳದಲ್ಲಿ ನಿಂತು ಟೈರಿಗೆ ಬೆಲ್ಟ್ ಹಾಕಿದ್ದನ್ನು ನೋಡಿದರು.

"ಅದು ಕುಂದ್ರಲಿ ಬಿಡು. ನಾ ರೈಲಿಗಿ ಬರ್ತೀನಿ. ನಾ ಓಡಿಸಿದ ಲೈನ್ ಅದ, ನನಗೇನ್ ಹೊಸಾದಲ್ಲ."

ಹಾಗೆ ನಾನೂ ಟೈರುಗಳೂ ರಸ್ತೆಯಲ್ಲಿ ಹೋದೆವು, ಮಾವ ವಾಡಿ ಸ್ಟೇಷನ್ನಿನಿಂದ ರೈಲು ಹತ್ತಿದರು. ಮರುದಿನ ತಮ್ಮ ಅವರನ್ನು ಟ್ರ್ಯಾಕಿಗೆ ಕರೆತಂದ.

ಗಾಲಿ ಬದಲಾಯಿಸಿ ಮುಗಿಸುವ ಹೊತ್ತಿಗೆ ಮೋಡ ಕವಿದಿತ್ತು. ಮೆತ್ತನೆಯ ಟೈರಿನಲ್ಲಿ ಹೊರಟ ಮೊದಲ ಸುತ್ತು ನನ್ನನ್ನು ಕಂಗಾಲು ಮಾಡಿತು. ಹಳೆಯದಕ್ಕಿಂತ ಹೆಚ್ಚು ಜಾರುತ್ತಿತ್ತು. ಕಲಿಸಲು ಪಕ್ಕದಲ್ಲಿ ಕೂತವರು ತೆಲುಗು ಬೆರೆತ ಹಿಂದಿಯಲ್ಲಿ, ಟೈರು ಕಾದು ಬಿಸಿಯಾಗಬೇಕು, ತಾಳಿ ಎಂದರು. ಕಾದ ಮೇಲೆ ಖರೇವಾಗಿಯೂ ಹಿಡಿಯತೊಡಗಿತು. ಆ ಉದ್ದನೆಯ ತಿರುವಿನಲ್ಲಿ ಕಾರು ನಾನು ನೋಡಿದ ಕಡೆಗೇ ಹೋಯಿತು. ಅಷ್ಟರಲ್ಲಿ ಹನಿ ಬಿತ್ತು. ಕೆಲವರು ಓಡಿಹೋಗಿ ಟೈರು ಬದಲಾಯಿಸಿದರು. ಗೆರೆ ಹೆಚ್ಚಿರುವುದು ಮಳೆಗೆ ಒಳ್ಳೆಯದೆಂದು ತಮ್ಮ ಹೇಳಿದ. ಹಾಗಿದ್ದರೆ ಚಂದ್ರಂಪಳ್ಳಿಯ ಮಳೆಯಲ್ಲಿ ಮೆತ್ತನೆಯದು ಹೇಗೆ ಹಿಡಿಯಿತೆಂದು ಕೇಳಬೇಕೆನ್ನುವಷ್ಟರಲ್ಲಿ ಅವನು ಜಾಕ್ ತಂದಿದ್ದ. ನಾವೂ ಗಟ್ಟಿಯವನ್ನು ಹಾಕಿದೆವು. ಕೊನೆಯ ನಟ್ಟು ಬಿಗಿಯುವಾಗ ಬಿಸಿಲು ಬಂತು. ಮತ್ತೆ ಬಿಚ್ಚುವ ತ್ರಾಣ ಯಾರಿಗೂ ಇರಲಿಲ್ಲ. ಹಾಗೇ ಹೋದೆ. ಆಶ್ಚರ್ಯವೆಂದರೆ ಗಟ್ಟಿ ಟೈರಿನಲ್ಲೂ ಆ ತಿರುವು ಚೆನ್ನಾಗಿಯೇ ಬಂತು.

"ಇದು ಟೈರಿಂದೋ, ನಂದೋ?" ಎಂದು ಕಲಿಸುವವರನ್ನು ಕೇಳಿದೆ. ಅವರು ಹೆಲ್ಮೆಟ್ಟಿನೊಳಗೆ ಏನೋ ಹೇಳಿದರು. ಕೇಳಿಸಲಿಲ್ಲ. ಮತ್ತೆ ಕೇಳುವಷ್ಟರಲ್ಲಿ ಇನ್ನೊಬ್ಬರ ಕಾರಿಗೆ ಹೋಗಿಬಿಟ್ಟಿದ್ದರು.

ಕೊನೆಯ ಸುತ್ತುಗಳಿಗೆ ಮನೆಯವರನ್ನು ಕೂಡಿಸಿಕೊಳ್ಳಬಹುದೆಂದರು. ಮಾವ ಹೆಲ್ಮೆಟ್ ಹಾಕಿಕೊಂಡು, ವಿಭೂತಿ ಅಳಿಸಿತೇನೋ ಎಂದು ಕನ್ನಡಿಯಲ್ಲಿ ನೋಡಿಕೊಂಡು ಕೂತರು. ನಾನು ಸಾವಕಾಶ ಹೊರಟೆ. ಎರಡನೆಯ ತಿರುವಿನಲ್ಲಿ ಅವರು, "ಇನ್ನಾ ಜೋರ್ ಹೊಡಿ" ಎಂದರು. ಹೊಡೆದೆ. ಒಂದು ಸಲ ಓರೆಗಣ್ಣಿನಿಂದ ನೋಡಿದಾಗ ಅವರ ಬಲಗೈ ರೈಲೆಂಜಿನ್ನಿನ ಹ್ಯಾಂಡಲ್ ಹಿಡಿದಂತೆ ಗಾಳಿಯಲ್ಲಿ ನಿಂತಿತ್ತು, ಕಣ್ಣುಗಳು ತುಂಬಿದ್ದವು.

ಇಳಿದ ಮೇಲೆ ಹೇಳಿದರು: "ಇಷ್ಟು ವರ್ಷ ಹಳಿ ಹೆಂಗ ತಿರುಗ್ತದ ಹಂಗ ಹೋದೆ. ಇವತ್ತ ಮದಲನೇ ಸಲ ಗಾಡೀನೇ ತಿರುಗೋದು ನೋಡ್ದೆ."

ಈಗ ಮೆತ್ತನೆಯ ಟೈರುಗಳು ವಾಡಿಯ ಮನೆಯ ಮೆಟ್ಟಿಲ ಕೆಳಗೆ, ಸಿಮೆಂಟ್ ಧೂಳು ಕೂರದಂತೆ ಹಳೆಯ ಚಾದರ ಹೊದ್ದು ಮಲಗಿವೆ. ಪ್ರತಿ ಸಲ ಹೊರಡುವ ಮುಂಚೆ, ಒಯ್ಯಬೇಕೋ ಬಿಡಬೇಕೋ ಎಂದು ಅವುಗಳ ಮುಂದೆ ನಿಲ್ಲುತ್ತೇನೆ. ಒಮ್ಮೆ ಒಯ್ದೆ, ಒಮ್ಮೆ ಬಿಟ್ಟೆ. ಎರಡು ಸಲವೂ ತಪ್ಪು ಮಾಡಿದೆನೇನೋ ಅನಿಸಿತು, ಎರಡು ಸಲವೂ ಖುಷಿಯಾಗಿ ಬಂದೆ.

ಸುದ್ದಿ ಹೇಗೋ ಸೇಡಂ ತಲುಪಿದೆ. ಕಳೆದ ವಾರ, ಸೇಡಂ ತಾಲ್ಲೂಕಿನ ಮುಧೋಳದಿಂದ ಬರುವ ಇಂಗ್ಲಿಷ್ ಮೇಡಂ ಊಟದ ಡಬ್ಬಿ ಬಿಚ್ಚುತ್ತ ನನ್ನ ಪಕ್ಕ ಕೂತರು. ಅವರೂ ಕಾರು ತಗೊಂಡಿದ್ದಾರೆ. "ನಿಮಗ ಟೈರಿಂದು ಭಾಳ ಗೊತ್ತದ ಅಂತಲ್ರೀ ಮೇಡಂ. ಯಾವ್ದು ಹಾಕಸ್ಲಿ?"

ರಬ್ಬರು, ಗೋಡೆ, ಗೆರೆ, ಮಳೆ, ಬಿಸಿಲು, ಎಲ್ಲವನ್ನೂ ಗಂಟೆ ಬಾರಿಸುವವರೆಗೂ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನೂ ಮರೆತು ಕೇಳಿದರು. ಕೊನೆಗೆ ಡಬ್ಬಿ ಮುಚ್ಚುತ್ತ, "ಹಂಗಾದ್ರ ಈಗ ನಾ ಏನ್ ಮಾಡ್ಲಿರೀ?" ಎಂದರು.

"ನನಗೂ ತಿಳೀವಲ್ದು" ಎಂದೆ. ಇಬ್ಬರೂ ನಗುತ್ತ ತರಗತಿಗಳಿಗೆ ಹೋದೆವು.