ತಗಡಿನ ಆಚೆ ಬದಿಯ ಮನೆ

ಖಾನಾಪುರದ ನಮ್ಮ ಮನೆ ಕೆಡವಿ ಹೊಸದು ಕಟ್ಟಿಸಲು ಶುರು ಮಾಡಿದಾಗ ಸಾಮಾನು ಎಲ್ಲಿಡುವುದು ಎಂಬುದೇ ದೊಡ್ಡ ಚಿಂತೆಯಾಯಿತು. ನಾನೂ ನನ್ನ ಗಂಡನೂ ಬೆಳಗಾವಿಯಲ್ಲಿ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಮಂಚ, ಕಪಾಟು, ಹಿತ್ತಾಳೆ ಕೊಡಗಳು ಹಿಡಿಸುವಂತಿರಲಿಲ್ಲ. ದೇಸೂರಿಗೆ ಸ್ವಲ್ಪ ಮುಂಚೆ ಹಳೆಯ ಕಾರ್ಖಾನೆಯ ಶೆಡ್ಡೊಂದನ್ನು ತಗಡು ಹೊಡೆದು ಸಣ್ಣ ಸಣ್ಣ ಖೋಲಿ ಮಾಡಿದ್ದಾರೆ, ಸಾಮಾನಿಡಲು ತಿಂಗಳ ಬಾಡಿಗೆಗೆ ಕೊಡುತ್ತಾರೆ ಎಂದು ಯಾರೋ ಹೇಳಿದರು. ಖೋಲಿಗೊಂದು ಶಟರು. ಕೀಲಿ ನಮ್ಮದೇ. ಬೇಕಾದಾಗ ಹೋಗಿ ಬೇಕಾದ್ದು ತರಬಹುದು.

ಗಾಡಿ ತುಂಬಿ ಸಾಮಾನು ತಂದಿಟ್ಟ ದಿನ ಅದು ಬರೀ ಗೋದಾಮಿನಂತೆ ಕಂಡಿತ್ತು. ಒಬ್ಬಳೇ ಹೋದಾಗ ಬೇರೆಯಾಯಿತು. ಉದ್ದನೆಯ ಓಣಿ, ಎರಡೂ ಬದಿಗೆ ಮುಚ್ಚಿದ ಶಟರುಗಳು. ಜನ ಓಡಾಡಿದರೆ ತಾವೇ ಹತ್ತಿ, ಅಲುಗಾಡದೆ ನಿಂತರೆ ಆರಿಹೋಗುವ ದೀಪಗಳು. ಬಗ್ಗಿ ಕೀಲಿ ತೆಗೆಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಕೈ ಬೀಸಿ ಮತ್ತೆ ಬೆಳಕು ತರಿಸಿಕೊಳ್ಳಬೇಕು.

ಒಂದು ರವಿವಾರ ಮಧ್ಯಾಹ್ನ ಕಂಬಳಿ ಹುಡುಕುತ್ತಿದ್ದೆ. ಬಾಜು ಖೋಲಿಯಿಂದ ಗಂಡಸಿನ ಮಾತು ಕೇಳಿಸಿತು. ಒಂದು ಮಾತು, ಸ್ವಲ್ಪ ಸುಮ್ಮನಿರುವುದು, ಮತ್ತೊಂದು ಮಾತು. ಫೋನಿರಬೇಕು ಅಂದುಕೊಂಡೆ. ಆಮೇಲೆ ಕುರ್ಚಿ ಎಳೆದ ಸದ್ದಾಯಿತು.

"ಮಾರಿ ಮ್ಯಾಲೆ ಬಿಸಲ ಬೀಳಾಕತ್ತೈತಿ, ಪಡದಾ ಎಳೀಲೇನು?"

ಪಡದೆಯ ಬಳೆಗಳು ಸಳಸಳ ಸರಿದವು. ಆ ಶೆಡ್ಡಿನ ಯಾವ ಖೋಲಿಗೂ ಕಿಟಕಿ ಇರಲಿಲ್ಲ. ಕಂಬಳಿ ಅಲ್ಲೇ ಬಿಟ್ಟು ಶಟರು ಎಳೆದು ಹೊರಟುಬಿಟ್ಟೆ.

ಮುಂದಿನ ಸಲ ಹೋದಾಗ ಆ ಖೋಲಿಯ ಶಟರು ಮೇಲಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಿರಿಯರೊಬ್ಬರು ಹೊಸ್ತಿಲಲ್ಲಿ ನಿಂತಿದ್ದರು.

"ಬಾಜೂದವರಲ್ಲೇನ್ರಿ? ಬರ್ರಿ ಒಳಗ. ಬಾಗಲದಾಗ ನಿಂದರಬಾರದು."

ಅವರ ದನಿಯಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಚಪ್ಪಲಿ ಕಳಚಿ ಒಳಗೆ ಹೋದೆ. ನಾವೆಲ್ಲ ಸಾಮಾನನ್ನು ಒಂದರ ಮೇಲೊಂದು ಒಟ್ಟಿದ್ದರೆ, ಅಲ್ಲಿ ಒಂದು ಪಡಸಾಲೆಯೇ ಇತ್ತು. ಕಸೂತಿ ಹೊದಿಕೆಯ ಸೋಫಾ, ಟೀಪಾಯಿ, ಮೂಲೆಯಲ್ಲಿ ಹೊಲಿಗೆ ಯಂತ್ರ. ಹಿಂದಿನ ತಗಡಿಗೆ ಹೂವಿನ ಪಡದೆ ಇಳಿಬಿಟ್ಟಿದ್ದರು. ಅದರ ಹಿಂದೆ ತಗಡಲ್ಲದೆ ಏನೂ ಇಲ್ಲ.

"ಕುಂದರ್ರಿ. ನಮ್ಮಾಕಿ ರವಿವಾರ ಪೇಟಿಗೆ ಹೋಗ್ಯಾಳ, ಈಗ ಬರ್ತಾಳ," ಎಂದು ಥರ್ಮಾಸಿನಿಂದ ಚಹಾ ಬಗ್ಗಿಸಿದರು. ನನಗೊಂದು ಕಪ್ಪು, ಅವರಿಗೊಂದು. ಮೂರನೆಯದಕ್ಕೂ ತುಂಬಿ, ಆರದಂತೆ ಮೇಲೆ ಬಸಿ ಮುಚ್ಚಿ ನನ್ನ ಪಕ್ಕದ ಖಾಲಿ ಜಾಗದೆದುರು ಇಟ್ಟರು. ಮಾತಾಡುತ್ತಾ ಆಡುತ್ತಾ ಅವರ ಕಣ್ಣು ನನ್ನ ಹೆಗಲಾಚೆ ಹೋಗಿ ನಿಲ್ಲುತ್ತಿತ್ತು, ಒಮ್ಮೊಮ್ಮೆ ಸಣ್ಣಗೆ ನಗುತ್ತಿದ್ದರು. ನಾನು ಹಿಂತಿರುಗಿ ನೋಡಲಿಲ್ಲ. ಚಹಾ ಮುಗಿಸಿ, ಕೆಲಸವಿದೆ ಎಂದು ಎದ್ದೆ.

ಹೊರಗೆ ಬರುವಾಗ ಶೆಡ್ಡಿನ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಮಡಿಲಲ್ಲಿ ಕೈಚೀಲ, ಹಣೆಯಲ್ಲಿ ವಿಭೂತಿ.

"ಚಾ ಕುಡದ್ರೇನ್ರಿ?" ಎಂದರು. ಆ ಹಿರಿಯರ ತಂಗಿಯಿರಬೇಕು ಅನಿಸಿತು.

"ಕುಡದೆ. ಅವರ ಹೆಂಡ್ತಿ ತೀರಿಕೊಂಡು ಭಾಳ ದಿನಾ ಆತೇನ್ರಿ?"

"ನಾನs ಅವರ ಹೆಂಡ್ತಿ," ಎಂದರು ಆಕೆ, ಬೇಸರವಿಲ್ಲದೆ.

ಆಕೆಯೇ ಪಕ್ಕದ ಇನ್ನೊಂದು ಕುರ್ಚಿ ತೋರಿಸಿ ಕೂರಿಸಿಕೊಂಡು ಹೇಳಿದರು. ಪೇಟೆಯ ಓಣಿಯಲ್ಲಿದ್ದ ಮನೆ ಮಾರಿ ಫ್ಲ್ಯಾಟಿಗೆ ಬಂದಿದ್ದರು. ಆ ಹೊತ್ತಿಗೆ ಗಂಡನಿಗೆ ಮರೆವು ಶುರುವಾಗಿತ್ತು. ಫ್ಲ್ಯಾಟಿನಲ್ಲಿ ಸಂಜೆಯಾದರೆ ಸಾಕು, ಮನೆಗೆ ಹೋಗೋಣ ಎಂದು ಹಟ. ಒಮ್ಮೆ ಹಳೆಯ ಸಾಮಾನು ನೋಡಲು ಇಲ್ಲಿಗೆ ಕರೆತಂದಾಗ ತಾವೇ ಎಲ್ಲ ಎಳೆದಾಡಿ ಪಡಸಾಲೆ ಮಾಡಿಕೊಂಡು ಕೂತುಬಿಟ್ಟರು. ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಅಂದಿನಿಂದ ಆಕೆ ಆಟೊ ಮಾಡಿಕೊಂಡು ಆಗಾಗ ಕರೆತರುತ್ತಾರೆ.

"ಫ್ಲ್ಯಾಟಿನ್ಯಾಗ ನನ್ನ ಗುರುತ ಹಿಡೀತಾರ್ರಿ. ಇಲ್ಲಿ ಹಿಡಿಯೂದಿಲ್ಲ. ಇಲ್ಲಿ ಅವರ ಹೆಂಡ್ತಿ ಬ್ಯಾರೇನs ಒಬ್ಬಾಕಿ ಅದಾಳ. ಕರೀ ಕೂದಲದಾಕಿ."

"ನೀವು ಒಳಗ ಹೋಗೂದಿಲ್ಲೇನು?"

"ಹೋಗ್ತೀನಿ. ಬರ್ರಿ, ಕುಂದರ್ರಿ ಅಂತಾರ. ಮನ್ಯಾಗ ನಾನs ಮಾಡಿ ತುಂಬಿದ ಚಾ ನನಗs ಬಗ್ಗಿಸಿ ಕೊಟ್ಟು, ಹೆಂಗೈತ್ರಿ, ನಮ್ಮಾಕಿ ಮಾಡಿದ್ದು, ಇಂಥಾ ಚಾ ಯಾರ ಕೈಯಾಗೂ ಆಗೂದಿಲ್ಲ ಅಂತಾರ. ಇಷ್ಟ ವರ್ಷದಾಗ ನನ್ನ ಮುಂದ ಒಂದ ದಿನಾನೂ ಅಂದಿದ್ದಿಲ್ಲ."

ಆಮೇಲೆ ಕೆಲವು ರವಿವಾರ ನಾವಿಬ್ಬರೂ ಕೂಡಿಯೇ ಒಳಗೆ ಹೋದೆವು, ಇಬ್ಬರು ಅತಿಥಿಗಳಂತೆ. ಆಕೆ ಸೋಫಾದ ಅಂಚಿನಲ್ಲಿ, ಪರರ ಮನೆಯಲ್ಲಿ ಕೂರುವಂತೆ ಸೆರಗು ಹೊದ್ದು ಕೂರುತ್ತಿದ್ದರು. ಆ ಮೂರನೆಯ ಕಪ್ಪಿನೆದುರಿಗೆ ಮಾತ್ರ ಕೂರುತ್ತಿರಲಿಲ್ಲ. ನಾನೂ ಅಷ್ಟು ಜಾಗ ಬಿಟ್ಟೇ ಕೂರುವುದನ್ನು ಕಲಿತೆ. ಒಂದು ದಿನ ಆಕೆ ಕೇಳಿದರು, "ನಿಮ್ಮ ಮನಿಯವರ ತವರಮನಿ ಯಾವೂರ್ರಿ?"

"ಜಾಂಬೋಟಿ," ಎಂದರು ಹಿರಿಯರು. "ಅಲ್ಲಿ ಮಳಿ ಅಂದ್ರ ಮಳಿ. ಲಗ್ನ ಆಗಿ ಬಂದ ವರ್ಷ ಬೆಳಗಾವಿ ಮಳಿ ಸಪ್ಪಳ ಆಕಿಗೆ ಸಾಲೂದಿಲ್ಲ, ನಿದ್ದಿ ಬರೂದಿಲ್ಲ. ಎದ್ದು ಹೋಗಿ ಬಾಗಲ ಹತ್ರ ಕುಂದರತಿದ್ಲು. ನಾ ಎಚ್ಚರ ಇರ್ತಿದ್ದೆ. ಮಾತಾಡಿಸಿದ್ರ ತವರಿಗೆ ಹೋಗ್ತೀನಿ ಅಂದಾಳು ಅಂತ ಅಂಜಿ ಸುಮ್ನ ಕಣ್ಣ ಮುಚಗೊಂಡು ಮಲಗತಿದ್ದೆ."

ಆಕೆ ಕುಡಿಯುತ್ತಿದ್ದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟರು. ಓಣಿಗೆ ಬಂದ ಮೇಲೆ, "ಅವರು ಎಚ್ಚರ ಇರ್ತಿದ್ರಂತ," ಎಂದಷ್ಟೇ ಹೇಳಿದರು. ಇಬ್ಬರೂ ಅಲುಗಾಡದೆ ನಿಂತಿದ್ದೆವು, ದೀಪ ಆರಿತು. ಯಾರೂ ಕೈ ಬೀಸಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಒಂದು ರವಿವಾರ ಆಕೆ ನನ್ನ ಖೋಲಿಯ ಎದುರು ಕಾಯುತ್ತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ.

"ನನಗ ಬರಬ್ಯಾಡ್ರಿ ಅಂದ್ರು. ನೀವು ಹಿಂಗ ಮ್ಯಾಲಿಂದ ಮ್ಯಾಲೆ ಬರೂದು ಚಲೋ ಅಲ್ಲ, ನಮ್ಮಾಕಿ ತಪ್ಪ ತಿಳಕೊಂತಾಳ ಅಂದ್ರು."

ನಾನು ನಮ್ಮ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು, ತಗಡಿನ ಪಕ್ಕ ಹಾಕಿ ಕೂರಿಸಿದೆ. ಕೀಲಿಕೈಯ ಜೋಡಿಯಲ್ಲಿ ಒಂದನ್ನು ಅವರಿಗೇ ಕೊಟ್ಟೆ. ಅವರು ಗಂಡನನ್ನು ಆ ಖೋಲಿಯಲ್ಲಿ ಬಿಟ್ಟು, ಈ ಖೋಲಿಯಲ್ಲಿ ನಮ್ಮ ಕಪಾಟು ಮಂಚಗಳ ನಡುವೆ ಕೂತು ಆಚೆಯ ಮಾತು ಕೇಳುತ್ತಿದ್ದರು. ನನಗೆ ಆ ಮಾತಿನ ನಡುವಿನ ಮೌನ ಕೇಳಲು ಇನ್ನೂ ಭಯವಾಗುತ್ತಿತ್ತು. ಯಾರಾದರೂ ಉತ್ತರ ಕೊಟ್ಟು ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಹಿರಿಯರು ಸುಮ್ಮನಿರುತ್ತಿದ್ದರು.

ಮನೆ ಕೆಲಸ ಮುಗಿಯುತ್ತ ಬಂದಿತ್ತು. ಪಾತ್ರೆಗಳನ್ನು ಡಬ್ಬಿಗೆ ತುಂಬಲು ಹೋಗಿದ್ದೆ, ಆಕೆ ಕುರ್ಚಿಯಲ್ಲಿದ್ದರು. ಆಚೆಯಿಂದ ದನಿ ಬಂತು.

"ಬಂದ್ಯೇನು?"

ಎಂದಿನಂತೆ ಮೌನ. ಆ ಮೌನದೊಳಗೆ ಆಕೆ ತಗಡಿನತ್ತ ಬಾಗಿ, "ಬಂದೆ," ಎಂದರು.

ಆಕೆಯ ದನಿ ನಾನು ಅಲ್ಲಿಯವರೆಗೆ ಕೇಳಿದ ದನಿಯಾಗಿರಲಿಲ್ಲ. ಬಹಳ ಎಳೆಯದಾಗಿತ್ತು.

ಆಚೆಯವರಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. "ಯಾರೋ ಒಬ್ಬಾಕಿ ಬರ್ತಿದ್ಲು," ಎಂದರು. "ಬರಬ್ಯಾಡ್ರಿ ಅಂದೇನಿ. ಚಲೋ ಹೆಣಮಗಳು, ಪಾಪ. ಮನಸಿಗೆ ಹಚಗೊಂಡಿರಬೇಕು."

"ಇರ್ಲಿ ಬಿಡ್ರಿ," ಎಂದರು ಆಕೆ. "ನಾ ಹೇಳ್ತೀನಿ ಆಕಿಗೆ."

ನಮ್ಮ ಸಾಮಾನು ಖಾನಾಪುರಕ್ಕೆ ಹೋದ ದಿನ ಲೆಕ್ಕ ಮುಗಿಸಲು ಮ್ಯಾನೇಜರನ ಹತ್ತಿರ ಹೋದೆ. ನನ್ನ ಖೋಲಿಯನ್ನು ಆ ಅಜ್ಜಿಯೇ ತಮ್ಮ ಹೆಸರಿಗೆ ಹಿಡಿದಿದ್ದಾರೆ ಎಂದ ಆತ.

"ಇಡಾಕ ಏನೂ ಸಾಮಾನಿಲ್ಲಂತ್ರಿ. ಖಾಲೀನs ಇರ್ಲಿ ಅಂತಾರ. ಯಾಕಂತ ನಿಮಗೇನರ ಗೊತ್ತೇನ್ರಿ?"

ಗೊತ್ತಿಲ್ಲ ಎಂದು ಹೇಳಿ ಗಾಡಿ ಹತ್ತಿದೆ.